ಇದು ಯಾರ ಕೆಲಸ? ಕಾಲೋನಿ ಸಂಘ ಕಟ್ಟುವವರ ಮುಂದೆ ಆಡಿದ ಮಾತು

(ಕಲಬುರಗಿಯ ಹೊಸ ಬಡಾವಣೆಯೊಂದರ ನಿವಾಸಿಗಳು ಸಂಘ ಕಟ್ಟಲು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಮಾತಿನ ಧಾಟಿ ಹಾಗೇ ಉಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ ಇಷ್ಟು ಜನ ಸೇರಿದ್ದೀರಿ ಅಂದರೆ ಒಂದೋ ನಳದ ನೀರು ಬಂದು ಬಹಳ ದಿನ ಆಗಿದೆ, ಇಲ್ಲಾ ಚರಂಡಿ ಕಟ್ಟಿಕೊಂಡಿದೆ. ಬೇಸರ ಮಾಡ್ಕೋಬೇಡಿ. ಕಾಲೋನಿ ಸಂಘಗಳೆಲ್ಲ ಸಿಟ್ಟಿನಲ್ಲೇ ಹುಟ್ಟೋದು. ಸಿಟ್ಟು ಇಳಿದ ಮೇಲೂ ಸಂಘ ಉಳಿಯಬೇಕು ಅಂದರೆ ಏನು ಮಾಡಬೇಕು? ಇವತ್ತು ಅದಷ್ಟನ್ನೇ ಮಾತಾಡುತ್ತೇನೆ.

ನಮ್ಮೂರಲ್ಲಿ ನಾನು ಕಂಡ ಸಂಘಗಳು ಎರಡು ರೀತಿಯಲ್ಲಿ ಮುಚ್ಚಿಹೋಗಿವೆ. ಮೊದಲನೆಯದು, ಸಂಘ ಹೋಗಿ ಗಣಪತಿ ಕಮಿಟಿ ಆಗಿಬಿಡುತ್ತದೆ. ಚೌತಿ ಬಂದಾಗ ಎಲ್ಲರೂ ಎದ್ದು ಓಡಾಡುತ್ತಾರೆ, ವಿಸರ್ಜನೆ ಆದ ಮೇಲೆ ಮುಂದಿನ ವರ್ಷದ ತನಕ ಯಾರ ಮುಖವೂ ಕಾಣಲ್ಲ. ಹಬ್ಬ ಮಾಡಬೇಡಿ ಅಂತಿಲ್ಲ. ಮಾಡಿ, ರಾತ್ರಿ 10 ಗಂಟೆಗೆ ಸ್ಪೀಕರ್ ಬಂದ್ ಮಾಡಿ, ಹಬ್ಬದ ದುಡ್ಡಿನ ಪುಸ್ತಕವನ್ನೇ ಬೇರೆ ಇಡಿ. ಎರಡನೆಯ ರೀತಿ ಇನ್ನೂ ಮೋಸದ್ದು, ಯಾಕಂದರೆ ಶುರುವಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಸಂಘದವರೇ ಚಂದಾ ಎತ್ತಿ ಬೀದಿ ದೀಪ ಹಾಕುತ್ತಾರೆ, ಚರಂಡಿ ತೆಗೆಸುತ್ತಾರೆ, ಕಸಕ್ಕೆ ಆಳು ಇಡುತ್ತಾರೆ. ಮೊದಲ ವರ್ಷ ಎಲ್ಲರೂ ಹೊಗಳುತ್ತಾರೆ. ಎರಡನೇ ವರ್ಷ ಅರ್ಧ ಜನ ಚಂದಾ ಕೊಡಲ್ಲ. ಅಷ್ಟೊತ್ತಿಗೆ ಪಾಲಿಕೆಯವರು ಆ ಕಡೆ ಬರುವುದನ್ನೇ ಬಿಟ್ಟಿರುತ್ತಾರೆ. ‘ನಿಮ್ಮ ಸಂಘ ಮಾಡ್ತದಲ್ರೀ’ ಅಂತ ಅವರೇ ನಿಮಗೆ ಹೇಳುತ್ತಾರೆ. ತೆರಿಗೆಯನ್ನೂ ಕಟ್ಟಿ, ಅದೇ ಕೆಲಸಕ್ಕೆ ಚಂದಾನೂ ಕಟ್ಟಿ, ಕೊನೆಗೆ ಎರಡೂ ಕಡೆ ಕೆಲಸ ಆಗಲ್ಲ.

ಹಾಗಾದರೆ ಸಂಘದ ಕೆಲಸ ಏನು? ನನ್ನ ಪ್ರಕಾರ ಎರಡೇ. ಯಾವ ಕೆಲಸ ಯಾರದು ಅಂತ ಸರಿಯಾಗಿ ತಿಳಿದುಕೊಳ್ಳುವುದು. ಅದನ್ನು ಅವರ ಕೈಯಲ್ಲೇ ಮಾಡಿಸುವ ತನಕ ಕಾಗದ ಹಿಡಿದು ಕೂರುವುದು. ಉಳಿದಿದ್ದೆಲ್ಲ ಆಮೇಲೆ.

ಕೇಳಿದರೆ ಸುಲಭ ಅನಿಸುತ್ತದೆ. ಒಂದು ಬೀದಿ ದೀಪವನ್ನೇ ತಗೊಳ್ಳಿ. ಕಂಬ ಜೆಸ್ಕಾಂನದು, ಅಂದರೆ ಕರೆಂಟ್ ಕಂಪನಿಯದು. ತಂತಿ ಜೆಸ್ಕಾಂನದು, ಟಿಸಿ ಅಂದರೆ ಟ್ರಾನ್ಸ್‌ಫಾರ್ಮರೂ ಜೆಸ್ಕಾಂನದು. ಕಂಬದ ಮೇಲಿನ ದೀಪ ಮಾತ್ರ ಪಾಲಿಕೆಯದು. ದೀಪ ಹತ್ತಲಿಲ್ಲ ಅಂತ ಜನ 1912ಕ್ಕೆ ಫೋನ್ ಮಾಡುತ್ತಾರೆ. ಅದು ಕರೆಂಟಿನ ಸಹಾಯವಾಣಿ. ಅವರು ನಮ್ಮದಲ್ಲ ಅಂತಾರೆ, ನಿಜಕ್ಕೂ ಅವರದಲ್ಲ. ತಂತಿ ಜೋತು ಬಿದ್ದರೆ ಜನ ಕಾರ್ಪೊರೇಟರ್ ಮನೆಗೆ ಹೋಗುತ್ತಾರೆ. ಅದು 1912ಕ್ಕೆ ಹೋಗಬೇಕಾದ ದೂರು. ಹೀಗೆ ತಪ್ಪು ಬಾಗಿಲು ಬಡಿದೇ ನಮ್ಮ ಅರ್ಧ ಆಯುಷ್ಯ ಹೋಗುತ್ತದೆ.

ಹೊಸ ಬಡಾವಣೆಯವರಾದ ನಿಮಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನಿಮ್ಮ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ? ರಿಂಗ್ ರೋಡಿನ ಆಚೆ, ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆಗಳ ಕಡೆ ಎಷ್ಟೊಂದು ಲೇಔಟ್ ಎದ್ದಿವೆ ನೋಡಿ. ನಕ್ಷೆಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ರಸ್ತೆ, ಚರಂಡಿ, ದೀಪ ಮಾಡಿಕೊಡಬೇಕಾದವರು ಲೇಔಟ್ ಮಾಡಿದವರು. ಅದೆಲ್ಲ ಮುಗಿದು ಪಾಲಿಕೆಗೆ ಒಪ್ಪಿಸಿದ ಮೇಲೆ ಮಾತ್ರ ಪಾಲಿಕೆ ಅದನ್ನು ತನ್ನದು ಅನ್ನುತ್ತದೆ. ನಡುವೆ ಸಿಕ್ಕಿಹಾಕಿಕೊಂಡ ಬಡಾವಣೆಗೆ ಹೇಳೋರು ಕೇಳೋರು ಇರಲ್ಲ. ಆದ್ದರಿಂದ ಸಂಘದ ಮೊದಲ ಪತ್ರ ರಸ್ತೆಗಾಗಿ ಬರೆಯಬೇಡಿ. ಹಸ್ತಾಂತರ ಆಗಿದೆಯೋ ಇಲ್ಲವೋ, ಆಗಿದ್ದರೆ ಯಾವ ತಾರೀಖಿಗೆ, ಆ ಕಾಗದದ ಪ್ರತಿ ಕೊಡಿ ಅಂತ ಬರೆಯಿರಿ.

ಅದರ ಜೊತೆಗೆ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ತಗೊಳ್ಳಿ. ನಕ್ಷೆಯಲ್ಲಿ ಉದ್ಯಾನ ಎಲ್ಲಿದೆ, ಸಿಎ ಸೈಟ್ ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ ಎಲ್ಲಿದೆ, ರಸ್ತೆ ಎಷ್ಟು ಅಗಲ ಅಂತೆಲ್ಲ ಇರುತ್ತದೆ. ನಮ್ಮ ಕಾಲೋನಿಯ ಮೂಲೆಯಲ್ಲಿ ಒಂದು ಖಾಲಿ ಜಾಗ ಇತ್ತು. ಯಾರೋ ಮೊದಲು ಮರಳು ಸುರಿದರು. ಆಮೇಲೆ ತಗಡಿನ ಶೆಡ್ ಬಂತು. ಹಿರಿಯರು ಹೋಗಿ ಜಗಳ ಆಡಿದರು, ಏನೂ ಆಗಲಿಲ್ಲ. ಪಕ್ಕದ ಓಣಿಯ ನಿವೃತ್ತ ಮಾಸ್ತರರೊಬ್ಬರು ನಕ್ಷೆ ತೆಗೆಸಿಕೊಂಡು ಬಂದರು. ಅದರಲ್ಲಿ ಆ ಜಾಗ ಉದ್ಯಾನ ಅಂತ ಹಸಿರು ಬಣ್ಣದಲ್ಲೇ ಇತ್ತು. ನಕ್ಷೆ ಲಗತ್ತಿಸಿ ಪತ್ರ ಕೊಟ್ಟೆವು. ಅಳತೆ ಮಾಡಿ ಕಲ್ಲು ನೆಟ್ಟರು, ಬೋರ್ಡ್ ಹಾಕಿದರು, ಶೆಡ್ ಹೋಯಿತು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡುವುದಕ್ಕೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಆದರೆ ಜಾಗ ಉದ್ಯಾನದ್ದು ಅಂತ ತೋರಿಸುವ ಕಾಗದ ನಿಮ್ಮ ಹತ್ತಿರ ಇರಬೇಕಲ್ವಾ?

ಕಾಗದ ಸುಮ್ನೆ ಕೇಳಿದರೆ ಸಿಗದಿದ್ದಾಗ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಮ್ಮ ಜನ ಮೊದಲ ಪುಟದಲ್ಲಿ ಊರಿನ ಇತಿಹಾಸ ಬರೆದು, ಎರಡನೇ ಪುಟದಲ್ಲಿ ಅಧಿಕಾರಿಗೆ ಬೈದು, ಮೂರನೇ ಪುಟದಲ್ಲಿ ಮಾಹಿತಿ ಕೇಳುತ್ತಾರೆ. ಅದು ವಾಪಸ್ ಬರುತ್ತದೆ. ತಪ್ಪು ಕಚೇರಿಗೆ ಕೊಟ್ಟಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕಾದ್ದು ಅವರ ಜವಾಬ್ದಾರಿ. ‘ಇಲ್ಲಿ ಬರಂಗಿಲ್ರೀ, ಅಲ್ಲಿ ಹೋಗ್ರಿ’ ಅಂದರೆ ಸುಮ್ನೆ ಎದ್ದು ಬರಬೇಡಿ.

ಇನ್ನು ಸಾದಾ ಮನವಿ ಪತ್ರ. ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಂಡೇ ಬನ್ನಿ. ಸಾಹೇಬರ ಜೊತೆ ಚಹಾ ಕುಡಿದು, ‘ಮಾಡಿಸ್ತೀನಿ ಬಿಡ್ರಿ’ ಅನ್ನಿಸಿಕೊಂಡು ಬಂದದ್ದು ಲೆಕ್ಕಕ್ಕೆ ಬರಲ್ಲ. ಸಾಹೇಬರಿಗೆ ವರ್ಗ ಆಗುತ್ತದೆ, ಸೀಲಿಗೆ ವರ್ಗ ಆಗಲ್ಲ. ಫೋನಿನಲ್ಲಿ ದೂರು ಕೊಡುವುದಾದರೆ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ. ಅವರು ಕೊಡುವ ದೂರಿನ ಸಂಖ್ಯೆಯನ್ನೂ ಅದೇ ಫೈಲಿನಲ್ಲಿ ಬರೆದಿಡಿ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಇರುತ್ತವೆ ಅನ್ನೋದು ನಿಮಗೆ ಗೊತ್ತೇ ಇದೆ. ಆದರೂ ಬೆಂಗಳೂರಿಂದ ಬಂದ ಮಗನ ಮಾತು ಕೇಳಿ 3 ಗಂಟೆಗೆ ಬಿಸಿಲಲ್ಲಿ ಕಚೇರಿಗೆ ಹೋಗಿ ಬೀಗ ನೋಡಿ ಬಂದವರು ಇದ್ದಾರೆ.

ಇದೆಲ್ಲ ನಡೆಯಬೇಕಾದರೆ ಸಂಘ ನೋಂದಣಿ ಆಗಿರಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಇದ್ದರೆ ಸಾಕು. ನೋಂದಣಿ ಮಾಡಿಸುವಾಗ ಎಲ್ಲರೂ ಉತ್ಸಾಹದಲ್ಲಿ ಇರುತ್ತಾರೆ. ಮರೆಯುವುದು ಆಮೇಲಿನದ್ದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಬೇಕು. ಆದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಇದನ್ನು ಬಿಟ್ಟ ಸಂಘ ಹೆಸರಿಗೆ ಮಾತ್ರ ಇರುತ್ತದೆ. ಬೈಲಾ, ಅಂದರೆ ಸಂಘದ ನಿಯಮಾವಳಿ ಬರೆಯುವಾಗ ಬೇರೆ ಸಂಘದ್ದನ್ನು ನಕಲು ಮಾಡಬೇಡಿ. ನಕಲು ಮಾಡಿ ‘ಕುರಿ ಸಾಕಾಣಿಕೆಗೆ ಉತ್ತೇಜನ’ ಅಂತ ಉದ್ದೇಶ ಉಳಿಸಿಕೊಂಡ ಒಂದು ಕಾಲೋನಿ ಸಂಘವನ್ನು ನಾನು ಬಲ್ಲೆ.

ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿ ಇರಲಿ, ಇಬ್ಬರ ಸಹಿ ಇರಲಿ. ಖಜಾಂಚಿಯ ಸ್ವಂತ ಫೋನ್‌ಪೇಗೆ ಚಂದಾ ಹಾಕಿಸಬೇಡಿ, ಅವರು ಎಷ್ಟೇ ಒಳ್ಳೆಯವರಿರಲಿ. ಒಳ್ಳೆಯವರಿಗೇ ಇದರಿಂದ ಕೆಟ್ಟ ಹೆಸರು ಬರೋದು. ನಮ್ಮ ಊರಿನಲ್ಲಿ ದುಡ್ಡಿನ ಜಗಳ ಶುರುವಾದರೆ ಅದು ಬೇಗ ಜಾತಿ ಜಗಳ ಆಗಿಬಿಡುತ್ತದೆ. ನಾನು ಬಾಯಿ ಬಿಟ್ಟು ಹೇಳುತ್ತಿದ್ದೇನೆ, ನೀವೆಲ್ಲ ಮನಸ್ಸಲ್ಲಿ ಅಂದುಕೊಳ್ಳುತ್ತಿದ್ದೀರಿ, ಅಷ್ಟೇ.

ನೋಂದಣಿಗೆ ಇನ್ನೊಂದು ಕಾರಣ ಇದೆ. 3 ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಕಲಬುರಗಿ 2011ರ ಜನಗಣತಿಯಲ್ಲೇ 5 ಲಕ್ಷ ದಾಟಿತ್ತು. ನಮ್ಮ ಪಾಲಿಕೆಗೆ 55 ವಾರ್ಡ್. ವಾರ್ಡ್ ಸಮಿತಿಯಲ್ಲಿ ನಿವಾಸಿಗಳ ಸಂಘಗಳ ಪ್ರತಿನಿಧಿಗಳಿಗೆ ಜಾಗ ಇದೆ. ಹೆಸರು ಕೊಡಲು ಸಂಘವೇ ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅಂತ ನಾನು ಹೇಳಬೇಕಿಲ್ಲ. ಪಾಲಿಕೆ ಬಜೆಟ್‌ಗೆ ಮುಂಚೆ ಜನರ ಸಲಹೆ ಕೇಳುವ ಸಭೆಯೂ ಇರುತ್ತದೆ. ರಸ್ತೆ ಬೇಕು ಅನ್ನುವ ಪತ್ರ ದೀಪಾವಳಿ ಮುಗಿದ ಕೂಡಲೇ ಹೋಗಬೇಕು. ಮೇ ತಿಂಗಳಲ್ಲಿ ಕೊಟ್ಟರೆ ‘ಬಜೆಟ್ ಆಗಿ ಹೋಯ್ತಲ್ರೀ’ ಅಂತಾರೆ.

ರಸ್ತೆ ಅಂದಾಗ ನೆನಪಾಯಿತು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕಾಂಪೌಂಡ್ ಗೋಡೆ ವಾಲೋದು, ನೆಲದ ಪರ್ಸಿ ಏಳೋದು ಎಲ್ಲ ಅದರಿಂದಲೇ. ಪೈಪಿಗೆ ಅಂತ ರಸ್ತೆ ಅಗೆದು, ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬಿ ಮೇಲೆ ಒಂದಿಷ್ಟು ಸಿಮೆಂಟ್ ಬಳಿದು ಹೋದರೆ ಮೊದಲ ಮಳೆಗೇ ಅದು ಕುಸಿಯುತ್ತದೆ. ಅಗೆಯುವ ಮುಂಚೆ ಫೋಟೋ ತೆಗೆಯಿರಿ. ತುಂಬುವಾಗ ಮುರುಮ್, ಅಂದರೆ ಗರಸು ಮಣ್ಣು ಹಾಕಿ, ಕುಟ್ಟಿ ದಮ್ಮಸ್ ಮಾಡುತ್ತಿದ್ದಾರಾ ನೋಡಿ. ಹೊಸ ರಸ್ತೆ ಆದರೆ ಯಾವ ಅನುದಾನದ್ದು, ಗುತ್ತಿಗೆದಾರರ ದೋಷ ಹೊಣೆ ಅವಧಿ ಎಲ್ಲಿಯ ತನಕ ಅಂತ ಬರೆದಿಟ್ಟುಕೊಳ್ಳಿ. ಆ ಅವಧಿಯೊಳಗೆ ಕಿತ್ತುಹೋದರೆ ದುರಸ್ತಿ ಅವರ ಖರ್ಚಿನಲ್ಲೇ ಆಗಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಒಂದೇ ಗುಂಡಿಗೆ ಮತ್ತೆ ಮತ್ತೆ ಬಿಲ್ ಆಗುತ್ತದೆ.

ಈಗ ನಮ್ಮ ಮನೆಗಳ ಒಳಗಿನ ಮಾತು. ಇಲ್ಲಿ ತನಕ ಬೇರೆಯವರ ಕೆಲಸ ಹೇಳಿದೆ. ಕೆಲವು ಕೆಲಸ ಅಪ್ಪಟ ನಮ್ಮವು.

ನಮ್ಮೂರಲ್ಲಿ ನೀರು ದಿನ ಬಿಟ್ಟು ದಿನ ಬಂದರೆ ಅದೃಷ್ಟ. ಆದ್ದರಿಂದ ಎಲ್ಲರ ಮನೆಯಲ್ಲೂ ಸಂಪ್, ಸಿಂಟೆಕ್ಸ್, ಬ್ಯಾರಲ್, ಹರವಿ. ಡೆಂಗಿ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಇಂಥ ಶುದ್ಧ ನೀರೇ ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಎಲ್ಲ ಖಾಲಿ ಮಾಡಿ ಒಣಗಿಸಿ ಅಂತ ಆಶಾ ಕಾರ್ಯಕರ್ತೆಯರು ಹೇಳಿ ಹೇಳಿ ಸೋತಿದ್ದಾರೆ. ಕಲಬುರಗಿಯವರು ವಿಶೇಷವಾಗಿ ನೋಡಬೇಕಾದ್ದು ಕೂಲರ್. ಮಾರ್ಚಿನಿಂದ ಜೂನ್ ತನಕ ಪ್ರತಿ ಕಿಟಕಿಗೂ ಒಂದು ಕೂಲರ್ ಇರುವ ಊರು ನಮ್ಮದು. ಮಳೆ ಬಿದ್ದ ಕೂಡಲೇ ಅದನ್ನು ಮರೆಯುತ್ತೇವೆ, ತಳದಲ್ಲಿ ನಾಲ್ಕು ಬೆರಳು ನೀರು ನಿಂತಿರುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು. ಈ ಸೊಳ್ಳೆಯ ಮೊಟ್ಟೆ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಮುಂದಿನ ವರ್ಷ ನೀರು ಹಾಕಿದಾಗ ಒಡೆಯುತ್ತದೆ. ಬ್ರಷ್ ಹಿಡಿದು ಉಜ್ಜಿ, ಒಣಗಿಸಿ, ಆಮೇಲೆ ಅಟ್ಟಕ್ಕೆ ಹಾಕಿ. ಜೂನ್ ಕೊನೆಯ ಒಂದು ಭಾನುವಾರವನ್ನು ಸಂಘದಿಂದ ಕೂಲರ್ ತೊಳೆಯುವ ದಿನ ಅಂತ ಮಾಡಿ, ಮಕ್ಕಳನ್ನು ಮನೆಮನೆಗೆ ಕಳಿಸಿ. ಮಕ್ಕಳು ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಖಾಲಿ ಸೈಟಿನ ಮಾಲೀಕರಿಗೂ ಪತ್ರ ಹಾಕಿ. ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ ಹಾಕುವ ನಿಯಮ 2024ರಲ್ಲಿ ಬಂದಿದೆ. ನಗರದಲ್ಲಿ ಮನೆಗೆ 400 ರೂಪಾಯಿ, ಖಾಲಿ ಸೈಟಿಗೆ 2000.

ಕಸದ ಬಗ್ಗೆ ಹೆಚ್ಚು ಹೇಳಲ್ಲ. ಹಸಿ, ಒಣ ಅಂತ ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅನ್ನುವುದು ನಿಯಮದಲ್ಲೇ ಇದೆ. ಗಾಡಿಯಲ್ಲಿ ಎಲ್ಲ ಒಂದೇ ಕಡೆ ಸುರಿತಾರೆ, ನಾವ್ಯಾಕೆ ಬೇರೆ ಮಾಡಬೇಕು ಅಂತ ಕೇಳುತ್ತೀರಿ. ಸುರಿದರೆ ಫೋಟೋ ತೆಗೆದು ದೂರು ಕೊಡಿ. ಆದರೆ ಬೇರೆ ಮಾಡದೆ ಕೊಟ್ಟವರಿಗೆ ದೂರು ಕೊಡುವ ಬಾಯಿ ಇರಲ್ಲ. ಕಸ ಒಯ್ಯುವ ಪೌರಕಾರ್ಮಿಕರಿಗೆ ಬೇಸಿಗೆಯಲ್ಲಿ ಒಂದು ಲೋಟ ಮಜ್ಜಿಗೆ ಕೊಡಿ. 43, 44 ಡಿಗ್ರಿಯ ಊರಿನಲ್ಲಿ ಅದು ಉಪಕಾರದ ಲೆಕ್ಕಕ್ಕೆ ಬರಲ್ಲ. ಅವರಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಅಂತ ಯಾರಾದರೂ ಕೇಳಿದ್ದೀರಾ? ಉದ್ಯಾನದಲ್ಲೋ ಗುಡಿಯ ಹಿಂದೆಯೋ ಇರುವುದರ ಕೀಲಿ ಸಂಘದ ಹತ್ತಿರ ಇರಲಿ, ಬೆಳಿಗ್ಗೆ ತೆರೆದಿರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ. ಯುಜಿಡಿ, ಅಂದರೆ ಒಳಚರಂಡಿ ಕಟ್ಟಿಕೊಂಡಾಗ, ಪಾಲಿಕೆ ಗಾಡಿ ಬರಲು ತಡ ಆಯಿತು ಅಂತ, ಐನೂರೋ ಸಾವಿರವೋ ಕೊಟ್ಟು ಒಬ್ಬ ಹುಡುಗನನ್ನು ಮ್ಯಾನ್‌ಹೋಲ್‌ಗೆ ಇಳಿಸಬೇಡಿ. ಸೆಪ್ಟಿಕ್ ಟ್ಯಾಂಕಿಗೂ ಇಳಿಸಬೇಡಿ. ಒಳಗಿನ ಗಾಳಿಗೆ ಉಸಿರು ಕಟ್ಟಿ ಜೀವ ಹೋಗಲು ಕೆಲವೇ ನಿಮಿಷ ಸಾಕು. ಅವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಇಳಿಸಿದವರಿಗೆ ಜೈಲು ಶಿಕ್ಷೆ ಇದೆ. ‘ಅವನೇ ಒಪ್ಪಿದ್ದ’ ಅನ್ನುವ ಮಾತು ಅಲ್ಲಿ ನಡೆಯಲ್ಲ. ನಡೆಯಲೂಬಾರದು. ಎರಡು ದಿನ ವಾಸನೆ ತಡೆದುಕೊಳ್ಳಿ, ಯಂತ್ರ ಬರುವ ತನಕ ದಿನಾ ಪಾಲಿಕೆಗೆ ಹೋಗಿ ಕೂರಿ.

ನಾಯಿಯ ಜಗಳ ನಿಮ್ಮಲ್ಲೂ ಇದೆ ಅಂತ ಇಲ್ಲಿ ಬರುವಾಗಲೇ ಒಬ್ಬ ಅಕ್ಕೋರು ಹೇಳಿದರು. ಊಟ ಹಾಕುವವರು, ಕಲ್ಲು ಹೊಡೆಯುವವರು ಎರಡು ಪಕ್ಷ ಆಗಿದ್ದೀರಂತೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಈ ಜಗಳಕ್ಕೆ ಉತ್ತರ ಇದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟು ಬಿಟ್ಟು ಬೇರೆ ಕಡೆ ಊಟದ ಜಾಗ ಗೊತ್ತು ಮಾಡಬೇಕು, ಅದರಲ್ಲಿ ಸಂಘಕ್ಕೂ ಜವಾಬ್ದಾರಿ ಇದೆ. ಪಾಲಿಕೆಯಿಂದ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ. ಆದ ನಾಯಿಯ ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ಕಚ್ಚಿದರೆ ಅರಿಶಿಣ, ಸುಣ್ಣ, ಖಾರ ಏನೂ ಹಚ್ಚಬೇಡಿ. ನಳದ ಕೆಳಗೆ ಸಾಬೂನು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ವಾಟ್ಸ್ಆ್ಯಪ್ ಗುಂಪಿನ ಬಗ್ಗೆ ಒಂದೇ ಮಾತು. ಎರಡು ಗುಂಪು ಮಾಡಿ. ಶುಭೋದಯ, ರಾಜಕೀಯ, ಮದುವೆ ಫೋಟೋ ಎಲ್ಲ ಒಂದರಲ್ಲಿ ಹರಿಯಲಿ. ಇನ್ನೊಂದರಲ್ಲಿ ನೀರು ಯಾವಾಗ, ಕರೆಂಟ್ ಯಾವಾಗ, ಸಭೆ ಯಾವಾಗ ಇಷ್ಟೇ. ಅದರಲ್ಲಿ ಕಾರ್ಯದರ್ಶಿ ಮಾತ್ರ ಬರೆಯಲಿ, ದಖ್ಖನಿ ಉರ್ದುವಿನಲ್ಲಿ ಒಂದು ವಾಯ್ಸ್ ಮೆಸೇಜನ್ನೂ ಹಾಕಲಿ. ನಿಮ್ಮ ಓಣಿಯಲ್ಲಿ ಕನ್ನಡ ಓದಲು ಬಾರದ, ಆದರೆ ಚಂದಾ ಎಲ್ಲರಿಗಿಂತ ಮೊದಲು ಕೊಡುವ ಚಾಚಾ ಒಬ್ಬರು ಇದ್ದೇ ಇರುತ್ತಾರೆ.

ಇನ್ನು ನಿಮ್ಮ ಪ್ರಶ್ನೆ.

‘ಕಳ್ಳರ ಕಾಟ ಅದ ಸರ್. ರಸ್ತೆಗೆ ಗೇಟ್ ಹಾಕಿ ರಾತ್ರಿ ಕೀಲಿ ಹಾಕಬಹುದಾ?’

ಸಾರ್ವಜನಿಕ ರಸ್ತೆಗೆ ಬೀಗ ಹಾಕುವ ಅಧಿಕಾರ ಸಂಘಕ್ಕಿಲ್ಲ. ರಾತ್ರಿ ಆಂಬುಲೆನ್ಸ್ ಬಂದಾಗ ಕೀಲಿ ಯಾರ ದಿಂಬಿನ ಕೆಳಗೆ ಇರುತ್ತದೆ ಅಂತಲೂ ಯೋಚಿಸಿ. ದೀಪ ಸರಿ ಮಾಡಿಸಿ, ತಿರುವಿನಲ್ಲಿ ಕ್ಯಾಮೆರಾ ಹಾಕಿ. ಆದರೆ ಅದು ರಸ್ತೆಯನ್ನು ನೋಡಲಿ, ಎದುರು ಮನೆಯ ಅಂಗಳವನ್ನು ನೋಡದಿರಲಿ. ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ, ಬೀಟ್ ಪೊಲೀಸರು ಒಂದು ಸುತ್ತು ಹಾಕುತ್ತಾರೆ. ‘ತಿರುಪತಿಗೆ ಹೊರಟೆವು’ ಅಂತ ಮನೆ ಮಂದಿಯ ಫೋಟೋ ಸ್ಟೇಟಸ್‌ಗೆ ಹಾಕುವುದನ್ನು ವಾಪಸ್ ಬಂದ ಮೇಲೆ ಮಾಡಿ.

‘ತೆರಿಗೆ ಕಟ್ಟಬೇಡಿ, ಕೆಲಸ ಆದ ಮೇಲೆ ಕಟ್ಟೋಣ ಅಂತ ಕೆಲವರು ಅಂತಾರ. ಹೌದಾ?’

ಬೇಡ. ಆ ಹಠ ಮಾಡಿದ ಕಾಲೋನಿಯ ಪತ್ರ ಕಚೇರಿಯಲ್ಲಿ ಮೊದಲು ತಳಕ್ಕೆ ಹೋಗುತ್ತದೆ. ಏಪ್ರಿಲ್ ಒಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ ಇದೆ. ತಡ ಮಾಡಿದರೆ ತಿಂಗಳಿಗೆ ಶೇಕಡಾ 2 ಮೇಲೆ ಬೀಳುತ್ತದೆ. ಎಲ್ಲರೂ ಏಪ್ರಿಲ್‌ನಲ್ಲೇ ಕಟ್ಟಿ ರಸೀದಿಯ ಜೆರಾಕ್ಸ್ ಸಂಘಕ್ಕೆ ಕೊಡಿ. ಮನವಿ ಪತ್ರದ ಜೊತೆ ಆ ಕಟ್ಟನ್ನು ಇಟ್ಟು ನೋಡಿ, ಮಾತಾಡುವ ಧಾಟಿಯೇ ಬದಲಾಗುತ್ತದೆ.

ಕೊನೆಯದು, ಹಿಂದಿನ ಸಾಲಿನಿಂದ ಬಂದದ್ದು. ‘ನಾವು ಬಾಡಿಗಿ ಇರೋರು. ಜಿಮ್ಸ್ ಆಸ್ಪತ್ರೆಯಲ್ಲಿ ನರ್ಸ್. ನಮಗೂ ಸದಸ್ಯತ್ವ ಅದ ಏನ್ರಿ?’

ಬೈಲಾದಲ್ಲಿ ‘ಮಾಲೀಕರು’ ಅಂತ ಬರೆದರೆ ಇಲ್ಲ, ‘ನಿವಾಸಿಗಳು’ ಅಂತ ಬರೆದರೆ ಇದೆ. ಅದನ್ನು ಇವತ್ತು ಇಲ್ಲಿ ಕೂತವರೇ ತೀರ್ಮಾನ ಮಾಡಬೇಕು. ನನ್ನನ್ನು ಕೇಳಿದರೆ ‘ನಿವಾಸಿಗಳು’ ಅಂತಲೇ ಬರೆಯಿರಿ ಅಂತೀನಿ. ನೀರು ಬರದಿದ್ದರೆ ಬಾಡಿಗೆಯವರ ಕೊಡವೂ ಖಾಲಿಯೇ ಇರುತ್ತದೆ, ಮಾಲೀಕರಲ್ಲಿ ಎಷ್ಟೋ ಜನ ಹೈದರಾಬಾದಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಆಸ್ತಿಗೆ ಸಂಬಂಧಪಟ್ಟ ಠರಾವುಗಳಿಗೆ ಮಾಲೀಕರ ಮತ ಮಾತ್ರ ಅಂತ ಬೇಕಾದರೆ ಒಂದು ಕಲಂ ಸೇರಿಸಿ. ಯಾರಿಗೆ ಮನೆ ಬಾಡಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಹೇಳುವ ಕಲಂ ಮಾತ್ರ ಬೇಡ, ಅದು ಸಂಘದ ಕೆಲಸವೇ ಅಲ್ಲ. ಮತ್ತೆ ಸಭೆಯನ್ನು ಹೆಂಗಸರು ರೊಟ್ಟಿ ಬಡಿಯುವ ಹೊತ್ತಿಗೆ ಕರೆಯಬೇಡಿ. ಭಾನುವಾರ ಬೆಳಿಗ್ಗೆ 10ಕ್ಕೆ ಇಟ್ಟುಕೊಳ್ಳಿ, ನೈಟ್ ಡ್ಯೂಟಿ ಮುಗಿಸಿ ಬರುವ ಈ ಅಕ್ಕನಿಗೂ ಅನುಕೂಲ ಆಗುತ್ತದೆ.